ನಲ್ಲಿ–ಚರಂಡಿ ಮೀಮಾಂಸೆ

ವಿಷಯ ಇದು: ಬೆಂಗಳೂರಿನ ಮೂರನೇ ಮಹಡಿಯ ಫ್ಲಾಟಿನಲ್ಲಿ ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜುತ್ತಿರುವ ಗೃಹಸ್ಥನು ನಿಸರ್ಗದ ಒಳಗಿದ್ದಾನೋ, ಹೊರಗಿದ್ದಾನೋ? ಸಂಶಯಕ್ಕೆ ಕಾರಣ, ಆತ ನಿಸರ್ಗವನ್ನು ನೋಡಲು ಹೋಗುತ್ತಾನೆ. ಸ್ವಂತ ಮೂಗನ್ನು ನೋಡಲು ಯಾರೂ ರಜೆ ಹಾಕಿ ಬಸ್ಸು ಹತ್ತುವುದಿಲ್ಲ. ಆದ್ದರಿಂದ ನೋಡಲು ಹೋಗುವ ವಸ್ತು ತನ್ನಿಂದ ಬೇರೆಯೇ ಇರಬೇಕೆಂಬುದು ಮೇಲ್ನೋಟದ ತರ್ಕ.

ಪೂರ್ವಪಕ್ಷ. ವೀಕೆಂಡ್‌ವಾದಿಗಳ ಮತ ಹೀಗಿದೆ: ನಿಸರ್ಗವು ನೆಲಮಂಗಲದ ಟೋಲ್ ದಾಟಿದ ಮೇಲೆ ಶುರುವಾಗಿ, ಸಕಲೇಶಪುರದ ಹೋಂಸ್ಟೇಯಲ್ಲಿ ಪರಾಕಾಷ್ಠೆ ಮುಟ್ಟಿ, ಭಾನುವಾರ ಸಂಜೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಯವಾಗುತ್ತದೆ. ಮಂಜು, ಜಿಗಣೆ, ನೆಟ್‌ವರ್ಕಿನ ಅಭಾವ ಅದರ ಲಕ್ಷಣಗಳು. ಇವು ಕಾಣದ ಕಡೆ ಇರುವುದಕ್ಕೆ ಮೇಂಟೆನೆನ್ಸ್ ಎಂದು ಹೆಸರು. ಇವರ ಪ್ರಕಾರ ನೀರು ನಲ್ಲಿಯಲ್ಲಿ ಹುಟ್ಟಿ ಬಚ್ಚಲಿನ ಜಾಲರಿಯಲ್ಲಿ ಸಾಯುತ್ತದೆ. ಅದಕ್ಕೆ ಪೂರ್ವಜನ್ಮವೂ ಇಲ್ಲ, ಪುನರ್ಜನ್ಮವೂ ಇಲ್ಲ.

ಸಿದ್ಧಾಂತ. ಮೊದಲು ಪೂರ್ವಜನ್ಮ. ಕೊಡಗಿನಲ್ಲಿ ಹುಟ್ಟಿದ ಕಾವೇರಿಯನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿ ಮಾಡಿ, ಹಾರೋಹಳ್ಳಿ, ತಾತಗುಣಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಪಂಪು ಹಾಕಿ, ಸುಮಾರು 100 ಕಿಲೋಮೀಟರ್ ದೂರ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರ ಏರಿಸಿ ತರುತ್ತಾರೆ. ಮೊದಲ ಹಂತ 1974ರದು, ಐದನೆಯದು 2024ರ ಅಕ್ಟೋಬರಿನದು. ಭಗೀರಥನ ಪ್ರಯತ್ನವನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಅವನಿಗೆ ಇಳಿಜಾರಿತ್ತು, ಕರೆಂಟ್ ಬಿಲ್ಲಿರಲಿಲ್ಲ.

ಹೀಗೆ ಏದುಸಿರು ಬಿಡುತ್ತ ಬಂದ ನದಿಯನ್ನು ಎದುರುಗೊಳ್ಳುವುದರಲ್ಲಿ ಎರಡು ಪಂಥಗಳಿವೆ. ಚೊಂಬಿನವರಿಗೆ ಒಂದು ಬಕೆಟ್ಟಿನಲ್ಲಿ ಸ್ನಾನ ಸಮಾಪ್ತಿ. ಶವರಿನವರು ಬಿಸಿನೀರು ಬರಲೆಂದು ಬಕೆಟ್ಟಿನಷ್ಟು ತಣ್ಣೀರನ್ನು ಮೊದಲು ಹರಿಯಬಿಟ್ಟು, ಕಣ್ಣುಮುಚ್ಚಿ ನಿಲ್ಲುತ್ತಾರೆ; ಅವರಲ್ಲಿ ಇದಕ್ಕೆ ಧ್ಯಾನವೆಂಬ ಸಂಜ್ಞೆ. ಫ್ಲಶ್ ವಿಷಯದಲ್ಲಿ ಮಾತ್ರ ಎರಡೂ ಪಂಥಗಳದು ಒಮ್ಮತ: ಒತ್ತಿದ ಮೇಲೆ ತಿರುಗಿ ನೋಡತಕ್ಕದ್ದಲ್ಲ.

ಶಾಸ್ತ್ರಕಾರನಿಗೆ ತಿರುಗಿ ನೋಡದೆ ಗತಿಯಿಲ್ಲ. ಊರು ದಿಣ್ಣೆಯ ಮೇಲಿದೆ. ಪಶ್ಚಿಮದವರು ಬಿಟ್ಟದ್ದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದಾಚೆಯ ಸಂಗಮದಲ್ಲಿ ಮತ್ತೆ ಕಾವೇರಿಗೆ. ಸಾಲ ತಂದ ನದಿಯನ್ನು ಬಡ್ಡಿ ಸಮೇತ ತೀರಿಸಿದಂತಾಯಿತು. ಪೂರ್ವದವರದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ.

ಇಲ್ಲಿ ನೈಯಾಯಿಕರಿಗೆ ಒದಗಿದ ಆಪತ್ತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅನ್ನಂಭಟ್ಟನ ತರ್ಕಸಂಗ್ರಹ ಓದಿದವರಿಗೆ ಗೊತ್ತು: ಹೊಗೆಯ ಜೊತೆ ಬೆಂಕಿ ಇದ್ದೇ ಇರುತ್ತದೆನ್ನಲು ಅಡುಗೆಮನೆ ದೃಷ್ಟಾಂತ, ಬೆಂಕಿ ಸುತರಾಂ ಇರಲಾರದ ಜಾಗಕ್ಕೆ ದೃಷ್ಟಾಂತ, ದೊಡ್ಡ ಕೆರೆ. ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಈ ಕೆರೆಯನ್ನು ನಂಬಿ ಪರೀಕ್ಷೆ ಪಾಸಾದರು. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರೇ ಬರಬೇಕಾಯಿತು. ಬೌದ್ಧರು ಅಷ್ಟು ಶತಮಾನ ವಾದಿಸಿಯೂ ಅಲುಗಾಡಿಸಲಾಗದ ಶಾಸ್ತ್ರವನ್ನು ಕೊಳಚೆ ಉಂಡು ಕೊಬ್ಬಿದ ಕಳೆ ಮತ್ತು ದಡದ ಕಸ ಸೇರಿ ಒಂದು ಮಧ್ಯಾಹ್ನದಲ್ಲಿ ಖಂಡಿಸಿದವು. ಅದೇ ಕೆರೆಯ ಕೋಡಿಯಲ್ಲಿ ಎದ್ದ ನೊರೆ ಗಾಳಿಗೆ ಹಾರಿ ಬಂದು ಸ್ಕೂಟರಿನವರ ಹೆಲ್ಮೆಟ್ಟಿನ ಗಾಜಿಗೆ ಅಂಟುತ್ತಿತ್ತು. ಸೋಪಿನ ಪುಡಿಯ ಜಾಹೀರಾತು ಮಾತು ಕೊಟ್ಟ ಬಿಳುಪು ಪೂರ್ತಿಯಾಗಿ ಕಂಡದ್ದು ಅಲ್ಲೇ.

ಇನ್ನು ಪುನರ್ಜನ್ಮ. ಇದಕ್ಕೆ ಕೋಲಾರವೇ ಪ್ರಮಾಣ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ಆ ಬರದ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. (ಮೂರನೇ ಹಂತವೂ ಆಗಲಿ ಎಂದು ಅಲ್ಲಿಯವರು ಕೇಳುತ್ತಲೇ ಇದ್ದಾರೆ. ತಮ್ಮ ಕರ್ಮ ಬೇರೆಯವರ ಬೋರ್‌ವೆಲ್ಲಿನಲ್ಲಿ ಪಕ್ವವಾಗುವಾಗ ಇಲ್ಲಿಯವರಿಗೆ ಏನು ಅವಸರ!) ಆ ನೀರು ಇಂಗಿ, ಬೋರ್‌ವೆಲ್ಲಿಗಿಳಿದು, ಮೇಲೆ ಬಂದು, ಡ್ರಿಪ್ ಪೈಪಿನಲ್ಲಿ ತೊಟ್ಟಿಕ್ಕಿ ಟೊಮೇಟೊ ಆಗುತ್ತದೆ. ಟೊಮೇಟೊ ಲಾರಿ ಹತ್ತಿ ಬೆಂಗಳೂರಿಗೆ ಬಂದು, ತಳ್ಳುಗಾಡಿಯವನ ತಕ್ಕಡಿ ಹಾಯ್ದು, ಲಿಫ್ಟಿನಲ್ಲಿ ಅದೇ ಮೂರನೇ ಮಹಡಿಗೆ ಏರಿ, ಇಂಗು-ಸಾಸಿವೆಯ ಒಗ್ಗರಣೆ ಹಾಕಿಸಿಕೊಂಡು ಗೃಹಸ್ಥನ ತಟ್ಟೆಗೆ ಬೀಳುತ್ತದೆ. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆಗೆ ಇಷ್ಟು ರುಚಿಯಾದ ಭಾಷ್ಯವನ್ನು ಯಾವ ವೇದಾಂತಿಯೂ ಬರೆದಿಲ್ಲ. ನಿಸರ್ಗ ಎಲ್ಲಿದೆ ಎಂದು ಸಕಲೇಶಪುರದಲ್ಲಿ ಹುಡುಕುತ್ತಿದ್ದವನ ಮೂಲಕವೇ ಅದು ದಿನಕ್ಕೆ ಹತ್ತಾರು ಸಲ ಹಾದುಹೋಗುತ್ತಿತ್ತು.

ಆಚಾರಕಾಂಡ ಚಿಕ್ಕದು. ಅಕ್ಕಚ್ಚು ಕರಿಬೇವಿನ ಕುಂಡಕ್ಕೆ. ಆರ್‌ಒ ಯಂತ್ರ ಬೇಡವೆಂದು ಹೊರಹಾಕುವ ನೀರು ನೆಲ ಒರೆಸುವ ಬಕೆಟ್ಟಿಗೆ. ಸೋಪಿನ ಪುಡಿ ಡಬ್ಬದ ಮೇಲೆ ಬರೆದದ್ದರಲ್ಲಿ ಅರ್ಧ; ಉಳಿದರ್ಧ ಕಂಪನಿಯವರ ಆಶಾವಾದ.

ಉಳಿದದ್ದು ಕಾರು ತೊಳೆಯುವವರ ಆಕ್ಷೇಪ. 2024ರ ಮಾರ್ಚಿನಲ್ಲಿ, ಊರಿನ ಬೋರ್‌ವೆಲ್ಲುಗಳು ಒಣಗಿದ್ದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಈ ಪಂಥದವರು ಅದನ್ನು ದಂಡವೆನ್ನದೆ ಪ್ರಾಯಶ್ಚಿತ್ತವೆನ್ನುತ್ತಾರೆ. ಮತ್ತು ಪ್ರಾಯಶ್ಚಿತ್ತವಾದ ಮೇಲೆ ಪಾಪ ಉಳಿಯುವುದಿಲ್ಲವಾದ್ದರಿಂದ ಪುನಃ ಪೈಪು ಹಿಡಿಯಲು ಅಡ್ಡಿಯೇನು ಎಂದು ಕೇಳುತ್ತಾರೆ. ಪ್ರಶ್ನೆ ಗಹನವಾದದ್ದು. ಮುಂದಿನ ಅಧಿಕರಣದಲ್ಲಿ ವಿಸ್ತಾರವಾಗಿ ಎತ್ತಿಕೊಳ್ಳುತ್ತೇವೆ. ಸದ್ಯಕ್ಕೆ ನಲ್ಲಿ ನಿಂತಿದೆ, ಟ್ಯಾಂಕರಿನವನು ಫೋನ್ ಎತ್ತುತ್ತಿಲ್ಲ, ಭಾಷ್ಯಕಾರರ ತಲೆಗೆ ಹಚ್ಚಿದ ಸೀಗೆಪುಡಿ ಒಣಗುತ್ತಿದೆ.