ಗಣಪತಿಯ ಪಕ್ಕದ ಸ್ಟ್ಯಾಂಡು

ದಾರಿ ತೋರಿಸುವ ಜಿಪಿಎಸ್ ಯಂತ್ರವನ್ನು ಕಾರಿನ ಮುಂಗಾಜಿನ ಬಳಿ ಚಾಲಕನ ಕಣ್ಣಿಗೆ ಬೀಳುವಂತೆ ಹಿಡಿದು ನಿಲ್ಲಿಸುವ, ಜೊತೆಗೆ ಅದಕ್ಕೆ ಕಾರಿನ ಬ್ಯಾಟರಿಯಿಂದಲೇ ವಿದ್ಯುತ್ತು ಉಣಿಸುವ ಸಾಧನಕ್ಕೆ ಪೇಟೆಯಲ್ಲಿ ಸ್ಟ್ಯಾಂಡು ಅಥವಾ ಹೋಲ್ಡರ್ ಎಂಬ ಹೆಸರಿದ್ದು, ಅದನ್ನು ಅಂಗಡಿಯಲ್ಲಿ ಕೊಳ್ಳುವವರು, ಮನೆಯಲ್ಲೇ ಮಾಡಿಕೊಳ್ಳುವವರು ಎಂದು ಕಾರಿನ ಒಡೆಯರಲ್ಲಿ ಎರಡು ಪಂಗಡಗಳನ್ನು ಗುರುತಿಸಬಹುದು. ಮೊದಲ ಪಂಗಡದವರ ಬಗ್ಗೆ ಬರೆಯುವಂಥದ್ದೇನೂ ಇಲ್ಲ; ಅವರು ದುಡ್ಡು ಕೊಟ್ಟರು, ತಂದರು, ಅಂಟಿಸಿದರು, ಊರು ಸೇರಿದರು. ಎರಡನೆಯ ಪಂಗಡದವನನ್ನು ಈ ಪ್ರಬಂಧದಲ್ಲಿ ಅನುಕೂಲಕ್ಕಾಗಿ ನಿರ್ಮಾತೃ ಎಂದು ಕರೆಯಲಾಗಿದೆ. ಅವನ ಮಡದಿ ಅವನನ್ನು ಬೇರೆ ಹೆಸರುಗಳಿಂದ ಕರೆಯುವುದುಂಟು.

ನಿರ್ಮಾತೃ ಮುಂದಿಡುವ ಕಾರಣ ಯಾವಾಗಲೂ ಮಿತವ್ಯಯದ್ದೇ. ಮೊಬೈಲಿನಲ್ಲೇ ನಕ್ಷೆ ಬರುವುದಕ್ಕೆ ಮುಂಚಿನ ಆ ಕೆಲವು ವರ್ಷಗಳಲ್ಲಿ, ಅಮೆರಿಕದಲ್ಲಿರುವ ಭಾವಮೈದುನ ರಜೆಗೆ ಬಂದಾಗ ತಾನು ಬಳಸಿ ಬಿಟ್ಟ ಜಿಪಿಎಸ್ ಯಂತ್ರವನ್ನು ಉಡುಗೊರೆಯಾಗಿ ಕೊಟ್ಟಿರುತ್ತಾನೆ, ಆದರೆ ಅದರ ಸ್ಟ್ಯಾಂಡೂ ಚಾರ್ಜರ್ ತಂತಿಯೂ ನ್ಯೂಜೆರ್ಸಿಯ ಹಳೆಯ ಕಾರಿನ ಜೊತೆಗೇ ಮಾರಾಟವಾಗಿ ಹೋಗಿರುತ್ತವೆ. ಬಿಟ್ಟಿ ಬಂದ ವಸ್ತುವಿಗೆ ದುಡ್ಡು ಕೊಟ್ಟು ಸ್ಟ್ಯಾಂಡು ತರುವುದು ನಿರ್ಮಾತೃವಿನ ಮನಸ್ಸಿಗೆ ಒಪ್ಪುವುದಿಲ್ಲ. ಇದು ಹೊರಗಿನ ಕಾರಣ. ಒಳಗಿನ ಕಾರಣ ಅಟ್ಟದ ಮೇಲಿರುವ ರಟ್ಟಿನ ಪೆಟ್ಟಿಗೆ. ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು, ಒಂದು ಮೊಳದ ಪಿವಿಸಿ ಪೈಪು, ಯಾವ ಬೀಗಕ್ಕೂ ಹೊಂದದ ಕೀಲಿಗಳು, ಜೊತೆ ತಪ್ಪಿದ ತಿರುಪುಗಳು, ಎಂದಾದರೂ ಬೇಕಾಗುತ್ತದೆಂದು ಹದಿನೈದು ವರ್ಷ ಕಾಪಾಡಿದ ಅಲ್ಯೂಮಿನಿಯಂ ಪಟ್ಟಿ ಇವೆಲ್ಲ ಅದರಲ್ಲಿದ್ದು, ಈ ಪೆಟ್ಟಿಗೆಯನ್ನು ಗುಜರಿಗೆ ಹಾಕೋಣವೆಂಬ ಮಾತು ಮನೆಯಲ್ಲಿ ಎದ್ದಾಗಲೆಲ್ಲ ಯಾವುದಾದರೊಂದು ನಿರ್ಮಾಣಕಾರ್ಯ ಆರಂಭವಾಗುವುದನ್ನು ಗಮನಿಸಬಹುದು.

ಯಂತ್ರದ ಘನತೆ ತಿಳಿಯದೆ ಅದಕ್ಕೆ ಆಸನ ಮಾಡುವ ಸಾಹಸದ ಅಳತೆ ಸಿಗುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆ 1978ರಿಂದ ಒಂದೊಂದಾಗಿ ಹಾರಿಸಿ 1995ರಲ್ಲಿ ಪೂರ್ಣ ಬಳಕೆಗೆ ತಂದ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತ, ತಮ್ಮ ಪರಮಾಣು ಗಡಿಯಾರಗಳ ಸಮಯವನ್ನು ಎಡೆಬಿಡದೆ ಸಾರುತ್ತಿರುತ್ತವೆ; ಆ ಸಾರಿಕೆ ತನ್ನನ್ನು ಮುಟ್ಟಲು ಹಿಡಿದ ಸಮಯದಿಂದ ಯಂತ್ರವು ಒಂದೊಂದು ಉಪಗ್ರಹ ಎಷ್ಟು ದೂರದಲ್ಲಿದೆಯೆಂದು ಲೆಕ್ಕ ಹಾಕಿ, ಮೂರರಿಂದ ತನ್ನ ಜಾಗವನ್ನೂ ನಾಲ್ಕನೆಯದರಿಂದ ತನ್ನದೇ ಅಗ್ಗದ ಗಡಿಯಾರದ ತಪ್ಪನ್ನೂ ಕಂಡುಕೊಳ್ಳುತ್ತದೆ. ಮೇಲಿನ ಗಡಿಯಾರಗಳು ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆಂಬುದನ್ನು, ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂವತ್ತೆಂಟು ಪಾಲಿನಷ್ಟಾಗುವ ವ್ಯತ್ಯಾಸವನ್ನು, ಐನ್‌ಸ್ಟೈನನ ಸಾಪೇಕ್ಷತಾ ಸಿದ್ಧಾಂತದ ನೆರವಿನಿಂದ ಮೊದಲೇ ಸರಿಪಡಿಸಿಡಲಾಗಿದೆ. ಹಾಗೆ ಮಾಡದಿದ್ದರೆ ದಿನವೊಂದಕ್ಕೆ ಹತ್ತು ಕಿಲೋಮೀಟರಿನಷ್ಟು ತಪ್ಪು ಸೇರುತ್ತ ಹೋಗುತ್ತಿತ್ತು. ಇಷ್ಟೆಲ್ಲ ಸೂಕ್ಷ್ಮ ಲೆಕ್ಕಾಚಾರದ ಫಲವನ್ನು ಕೊನೆಗೆ ಎತ್ತಿ ಹಿಡಿಯಬೇಕಾದದ್ದು ಬಚ್ಚಲುಮನೆಯಲ್ಲಿ ಟವೆಲ್ ತೂಗುಹಾಕಲು ತಂದಿದ್ದ ಒಂದು ರಬ್ಬರ್ ಬಟ್ಟಲು.

ಸಕ್ಷನ್ ಕಪ್ ಎಂದು ಕರೆಯಲಾಗುವ ಈ ಬಟ್ಟಲನ್ನು ಗಾಜಿಗೆ ಒತ್ತಿದಾಗ ಒಳಗಿನ ಗಾಳಿ ಹೊರಬಿದ್ದು, ಹೊರಗಿನ ವಾತಾವರಣವೇ ಅದನ್ನು ಗಾಜಿಗೆ ಅದುಮಿ ಹಿಡಿಯುತ್ತದೆ. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ ಭಾರದಷ್ಟಿರುವ ಈ ಒತ್ತಡವನ್ನು ಆರು ಸೆಂಟಿಮೀಟರ್ ಅಗಲದ ಬಟ್ಟಲಿಗೆ ಅನ್ವಯಿಸಿ ನಿರ್ಮಾತೃ ಹಾಲಿನ ಚೀಟಿಯ ಹಿಂಬದಿಯಲ್ಲಿ ಇಪ್ಪತ್ತೆಂಟು ಕಿಲೋ ಎಂಬ ಉತ್ತರ ಪಡೆಯುತ್ತಾನೆ. ಯಂತ್ರದ ತೂಕ ಕಾಲು ಕಿಲೋಗೂ ಕಡಿಮೆ. ಹದಿನೇಳನೆಯ ಶತಮಾನದ ಜರ್ಮನಿಯಲ್ಲಿ ಓಟೊ ಫಾನ್ ಗೆರಿಕೆ ಎಂಬಾತ ಗಾಳಿ ತೆಗೆದ ಎರಡು ತಾಮ್ರದ ಅರೆಗೋಳಗಳನ್ನು ಕುದುರೆಗಳಿಂದಲೂ ಬೇರ್ಪಡಿಸಲಾಗದೆಂದು ತೋರಿಸಿದ್ದ ಸಂಗತಿಯೂ ಅವನಿಗೆ ಗೊತ್ತು. ಗೆರಿಕೆಯ ಗೋಳಗಳನ್ನು ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಇಟ್ಟಿರಲಿಲ್ಲವೆಂಬುದು ಮಾತ್ರ ಅವನಿಗೆ ಹೊಳೆಯುವುದಿಲ್ಲ. ಬಿಸಿಗೆ ರಬ್ಬರ್ ಮೆತ್ತಗಾಗುತ್ತದೆ, ಅಂಚು ಸಡಿಲುತ್ತದೆ, ಗಾಳಿ ನುಸುಳುತ್ತದೆ, ಇಪ್ಪತ್ತೆಂಟು ಕಿಲೋ ಲೆಕ್ಕ ಟಪ್ಪೆಂದು ಗೇರಿನ ಮೇಲೆ ಬೀಳುತ್ತದೆ.

ಇದೇ ಡ್ಯಾಶ್‌ಬೋರ್ಡಿನ ನಡುವೆ, ಕಾರು ಮನೆಗೆ ಬಂದ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹರಿಸಿದ ಮೇಲೆ ಎರಡೂ ಬದಿ ಅಂಟುವ ಟೇಪಿನ ಒಂದು ಚೂರಿನ ಮೇಲೆ ಕೂರಿಸಿದ ಪುಟ್ಟ ಗಣಪತಿ ಎಂಟು ವರ್ಷಗಳಿಂದ ಅಲುಗದೆ ಕುಳಿತಿರುವುದು ನಿರ್ಮಾತೃವಿನ ವೃತ್ತಿಗೌರವಕ್ಕೆ ತಗುಲಿದ ಪೆಟ್ಟು. ಇದಕ್ಕೆ ಮಡದಿ ಕೊಡುವ ಕಾರಣ ಭಕ್ತಿಯದು. ಯಂತ್ರಶಾಸ್ತ್ರದ ಕಾರಣವೂ ಅಷ್ಟೇ ಗಟ್ಟಿಯಾದದ್ದು. ಗಣಪತಿಯ ಪೀಠ ಅಗಲ, ಹೊಟ್ಟೆ ದೊಡ್ಡದು, ಆದ್ದರಿಂದ ಇಡೀ ತೂಕ ಒಂದೇ ಬಿಂದುವಿನಲ್ಲಿದೆಯೆಂದು ಭಾವಿಸುವ ಗುರುತ್ವಕೇಂದ್ರವೆಂಬುದು ತೀರ ಕೆಳಗೆ, ಹೆಚ್ಚು ಕಡಿಮೆ ಇಲಿಯ ಮಟ್ಟದಲ್ಲಿ ಬೀಳುತ್ತದೆ. ಜಿಪಿಎಸ್ ಯಂತ್ರವಾದರೋ ಉದ್ದ ತೋಳಿನ ತುದಿಯಲ್ಲಿ ಜೋತಾಡುವ ತೂಕ. ತೋಳು ಉದ್ದವಾದಷ್ಟೂ ಬುಡವನ್ನು ಕೀಳುವ ತಿರುಚುಬಲ ಹೆಚ್ಚುತ್ತದೆ. ಗಣಪತಿಯನ್ನು ಎರಡು ಬೆರಳಗಲ ಪಕ್ಕಕ್ಕೆ ಸರಿಸಿ ಆ ಪ್ರಶಸ್ತ ಜಾಗವನ್ನು ಸ್ಟ್ಯಾಂಡಿಗೆ ಕೊಡಬಹುದೇ ಎಂಬ ಪ್ರಸ್ತಾಪ ಮನೆಯಲ್ಲಿ ಒಮ್ಮೆ ಮಂಡನೆಯಾಗಿ ಚರ್ಚೆಯಿಲ್ಲದೆ ಬಿದ್ದುಹೋಯಿತು.

ಎರಡನೆಯ ಘಟ್ಟದಲ್ಲಿ ಪಿವಿಸಿ ಎಲ್ಬೋವನ್ನು, ಅಂದರೆ ನಲ್ಲಿ ಕೆಲಸದವರು ಪೈಪು ತಿರುಗಿಸಲು ಬಳಸುವ ಮೊಳಕೈ ಆಕಾರದ ತುಂಡನ್ನು, ಎಂ-ಸೀಲಿನಿಂದ ಡ್ಯಾಶ್‌ಬೋರ್ಡಿಗೆ ಕೂಡಿಸಲಾಗುತ್ತದೆ. ಎಂ-ಸೀಲ್ ಎರಡು ಮುದ್ದೆಗಳಾಗಿ ಬರುವ ಎಪಾಕ್ಸಿ ಅಂಟು; ಎರಡನ್ನೂ ಒಂದೇ ಬಣ್ಣ ಬರುವವರೆಗೆ ನಾದಿ ಹಚ್ಚಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೋಳಿಗೆಯ ಕಣಕಕ್ಕೆ ಒಂದು ಯುಗಾದಿಯಲ್ಲೂ ಕೈಹಾಕದ ಮನುಷ್ಯ ಅಡುಗೆಮನೆಯ ಕಟ್ಟೆಯ ಮೇಲೆ ಇದನ್ನು ಹದವಾಗಿ ನಾದುವ ಶ್ರದ್ಧೆಯನ್ನು ಆ ಮನೆಯಲ್ಲಿ ಇಂದಿಗೂ ಉದಾಹರಣೆಯಾಗಿ ಎತ್ತಿ ಹೇಳಲಾಗುತ್ತದೆ. ಯಂತ್ರವನ್ನು ಬೇಕಾದ ಕಡೆ ತಿರುಗಿಸಲು ಗುಂಡು ಕೀಲು ಬೇಕು. ಬಟ್ಟಲಿನೊಳಗೆ ಗುಂಡು ಕೂತು ಎಲ್ಲ ದಿಕ್ಕಿಗೂ ಹೊರಳುವ, ಮನುಷ್ಯನ ತೊಡೆಯ ಸಂದಿನಲ್ಲಿರುವಂಥದೇ ಈ ಕೀಲಿಗೆ ನಿರ್ಮಾತೃ ಆರಿಸಿಕೊಂಡದ್ದು ಗೋಲಿ ಸೋಡಾ ಬಾಟಲಿಯೊಳಗಿನ ಗಾಜಿನ ಗೋಲಿ. ಗಾಜು ನುಣುಪು, ಕೀಲಿಗೆ ಬೇಕಾದದ್ದು ಹಿಡಿತ. ಹೀಗಾಗಿ ಕಾರು ಒಂದೊಂದು ಹಂಪು ಹತ್ತಿ ಇಳಿದಾಗಲೂ ಯಂತ್ರವು ನಿಧಾನವಾಗಿ ತಲೆ ಬಾಗಿಸಿ, ಪಕ್ಕದ ಗಣಪತಿಗೆ ನಮಸ್ಕರಿಸಿ, ನಕ್ಷೆಯನ್ನು ಚಾಲಕನ ಮಂಡಿಗೆ ತೋರಿಸುತ್ತ ಉಳಿಯುತ್ತಿತ್ತು. ಇಲ್ಲಿ ಹಂಪಿನ ಪರವಾಗಿಯೂ ಒಂದು ಮಾತು ಹೇಳಬೇಕು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮಾವಳಿಯಂತೆ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಮೆಲ್ಲನೆಯ ಉಬ್ಬಾಗಿರಬೇಕು. ಬಡಾವಣೆಯವರು ರಾತ್ರೋರಾತ್ರಿ ಉಳಿದ ಕಾಂಕ್ರೀಟಿನಿಂದ ಕಟ್ಟುವ ಹಂಪು ಅಡ್ಡ ಮಲಗಿಸಿದ ತೆಂಗಿನ ಮರದಂತಿರುತ್ತದೆ. ಅದೂ ಮನೆಯಲ್ಲೇ ಮಾಡಿಕೊಂಡ ವಸ್ತುವಾದ್ದರಿಂದ ನಿರ್ಮಾತೃ ಅದನ್ನು ಟೀಕಿಸುವ ಹಕ್ಕು ಕಳೆದುಕೊಂಡಿದ್ದಾನೆ.

ಬಿಸಿಲಿಗೆ ಎಂ-ಸೀಲೂ ಪ್ಲಾಸ್ಟಿಕ್ಕಿನಿಂದ ಬಿಟ್ಟುಕೊಂಡ ಮೇಲೆ, ಒಂದು ಭಾನುವಾರ ಮಡದಿ ತವರಿಗೆ ಹೋಗಿದ್ದಾಗ, ಸ್ಟ್ಯಾಂಡನ್ನು ತಿರುಪಿನಿಂದ ಬಿಗಿಯಲು ಮೂರು ಮಿಲಿಮೀಟರಿನ ಡ್ರಿಲ್ಲಿನಿಂದ ಡ್ಯಾಶ್‌ಬೋರ್ಡಿಗೆ ಎರಡು ತೂತು ಕೊರೆಯಲಾಯಿತು. ಏರ್‌ಬ್ಯಾಗ್ ಇಲ್ಲದ ಹಳೆಯ ಕಾರಾದ್ದರಿಂದ ಅಪಾಯ ಮನೆಯೊಳಗಿನದಷ್ಟೇ ಆಗಿತ್ತು.

ಇನ್ನು ವಿದ್ಯುತ್ತು. ಕಾರಿನ ಬ್ಯಾಟರಿಯನ್ನು 12 ವೋಲ್ಟಿನದೆಂದು ಕರೆಯುವುದು ರೂಢಿಯ ಮಾತು. ಅದರ ಆರು ಕೋಶಗಳು ಸೇರಿ ಸುಮಾರು 12.6 ವೋಲ್ಟ್ ಕೊಡುತ್ತವೆ, ಎಂಜಿನ್ ಓಡುವಾಗ ವಿದ್ಯುತ್ತು ತಯಾರಿಸುವ ಆಲ್ಟರ್ನೇಟರ್ ಅದನ್ನು 14ಕ್ಕೆ ಏರಿಸುತ್ತದೆ, ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ ಅದೇ 10ಕ್ಕಿಂತ ಕೆಳಗೆ ಕುಸಿಯುವುದೂ ಉಂಟು. ಯಂತ್ರಕ್ಕೆ ಬೇಕಾದದ್ದು ಬರೀ 5 ವೋಲ್ಟ್. ನಿರ್ಮಾತೃ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಕೊಂಡ. ಅದಕ್ಕೆ ಕೊಟ್ಟದ್ದು ಹತ್ತು ರೂಪಾಯಿ, ಆಟೋದವನಿಗೆ ಕೊಟ್ಟದ್ದನ್ನು ಇಂಥ ಲೆಕ್ಕಗಳಲ್ಲಿ ಸೇರಿಸುವ ಪದ್ಧತಿಯಿಲ್ಲ. 7805ರ ಕ್ರಮ ಸರಳ: ಬಂದ ಹದಿನಾಲ್ಕರಲ್ಲಿ ಐದನ್ನು ಮುಂದಕ್ಕೆ ಕೊಟ್ಟು ಉಳಿದ ಒಂಬತ್ತನ್ನು ಬಿಸಿಯಾಗಿ ಸುಡುತ್ತದೆ, ಆದ್ದರಿಂದ ಒಂದು ಆಂಪಿಯರ್ ಹರಿದರೆ ಯಂತ್ರಕ್ಕೆ ಐದು ವಾಟ್, ವ್ಯರ್ಥಕ್ಕೆ ಒಂಬತ್ತು. ಇದನ್ನು ಕೂರಿಸಲು ಸಿಕ್ಕಿದ್ದು ಬಚ್ಚಲಿನ ಸೋಪಿನ ಡಬ್ಬಿ. ಎರಡು ಸಲ ತೊಳೆದರೂ ಡಬ್ಬಿಯ ಮೂಲೆಯಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ತೆಳು ಪದರವೊಂದು ಉಳಿದಿತ್ತಾಗಿ, ಕಾರು ಹೊರಟ ಹತ್ತು ನಿಮಿಷಕ್ಕೆ ಒಳಗೆಲ್ಲ ಶ್ರೀಗಂಧದ ಪರಿಮಳ ಹಬ್ಬುತ್ತಿತ್ತು. ಗಣಪತಿಯಿರುವ ಕಡೆ ಅದು ಸಹಜವೆಂದೇ ಎಲ್ಲರೂ ಭಾವಿಸಿದರು. ಕನಕಪುರ ರಸ್ತೆಯಲ್ಲಿ ಪರಿಮಳ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ತಿರುಗಿದಾಗ ಡಬ್ಬಿಯ ತಳದಲ್ಲಿ ಮೂರು ಕಾಲುಗಳ ಅಚ್ಚು ಮೂಡಿತ್ತು. ಆ ದಿನ ಸಂಜೆ ಬಚ್ಚಲಿನಿಂದ ಕೇಳಿಬಂದ "ರೀ, ಇಲ್ಲಿದ್ದ ಸೋಪಿನ ಡಬ್ಬಿ ಏನಾಯ್ತು?" ಎಂಬ ಪ್ರಶ್ನೆಗೆ ತಾಂತ್ರಿಕವಾದ ಉತ್ತರ ಸಾಕಾಗಲಿಲ್ಲ.

7805ರ ಬದಲಿಗೆ ಬಂದ ಬಕ್ ಕನ್ವರ್ಟರ್ ಈ ದೋಷವಿಲ್ಲದ ವಿದ್ಯುನ್ಮಂಡಲ. ಅದು ಹೆಚ್ಚಿನ ವೋಲ್ಟನ್ನು ಸುಡುವುದಿಲ್ಲ. ಬಾವಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಬಿಟ್ಟಂತೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ತುಂಡರಿಸಿ, ತಂತಿಸುರುಳಿಯಲ್ಲಿ ಶೇಖರಿಸಿ, ಬೇಕಾದಷ್ಟನ್ನೇ ಮುಂದಕ್ಕೆ ಕೊಡುತ್ತದೆ. ಈ ಜಾತಿಯಲ್ಲಿ ಹೆಸರಾದ ಎಲ್‌ಎಂ2596 ಎಂಬ ಚಿಪ್ ತುಂಡರಿಸುವ ವೇಗ ಸುಮಾರು 150 ಕಿಲೋಹರ್ಟ್ಸ್. ಅದರ ನಾಲ್ಕು ಪಟ್ಟು 600. ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಅಗ್ಗದ ಕನ್ವರ್ಟರಿನ ವೇಗ ತುಸು ಆಚೀಚೆಯಾಗುವುದು ಸಾಮಾನ್ಯವಾದ್ದರಿಂದ, ಜಿಪಿಎಸ್ ಹೊತ್ತಿಸಿದರೆ ಪ್ರದೇಶ ಸಮಾಚಾರದ ಮೇಲೆ ಜೀರುಂಡೆ ಕೂತಂತೆ ಸದ್ದು ಬರುತ್ತಿತ್ತು, ಆರಿಸಿದರೆ ವಾರ್ತೆ ಕೇಳಿಸುತ್ತಿತ್ತು; ತಾನೆಲ್ಲಿದ್ದೇನೆಂದು ತಿಳಿಯಬೇಕೋ ರಾಜ್ಯದಲ್ಲಿ ಏನಾಗಿದೆಯೆಂದು ತಿಳಿಯಬೇಕೋ ಎಂಬುದನ್ನು ಚಾಲಕ ಮೊದಲೇ ತೀರ್ಮಾನಿಸಬೇಕಾಯಿತು.

ಇಷ್ಟಾದ ಮೇಲೆ ಯಂತ್ರಕ್ಕೆ ಸರಿಯಾದ 5 ವೋಲ್ಟ್ ಮುಟ್ಟಿತು, ಯಂತ್ರ ಮಾತ್ರ ದಾರಿ ತೋರಿಸಲಿಲ್ಲ. ತೆರೆಯ ಮೇಲೆ ನಕ್ಷೆಯ ಬದಲು ಕಂಪ್ಯೂಟರಿನ ಚಿತ್ರ ಬಂದು ಕೂತಿತು. ಮಿನಿ ಯುಎಸ್‌ಬಿ ಎಂಬ ಸಣ್ಣ ಕೊಂಡಿಯಲ್ಲಿ ಐದು ತುದಿಗಳಿದ್ದು, ಕೆಲವು ತಯಾರಕರು ತಮ್ಮ ಕಾರ್ ಚಾರ್ಜರಿನಲ್ಲಿ ನಾಲ್ಕನೆಯದಕ್ಕೆ ಕಡಲೆಕಾಳಿಗಿಂತ ಚಿಕ್ಕದಾದ ರೆಸಿಸ್ಟರ್ ಬೆಸೆದಿರುತ್ತಾರೆ. ಅದು ಕಾಣದಿದ್ದರೆ ಯಂತ್ರವು ತನ್ನನ್ನು ಕಂಪ್ಯೂಟರಿಗೆ ಜೋಡಿಸಿದ್ದಾರೆಂದು ನಂಬಿ, ಕಡತಗಳನ್ನು ಒಪ್ಪಿಸಲು ಸಿದ್ಧವಾಗಿ ಕೈಕಟ್ಟಿ ಕೂರುತ್ತದೆ. ಮೈಸೂರು ರಸ್ತೆಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ತಾನು ಯಾರದೋ ಮೇಜಿನ ಮೇಲಿದ್ದೇನೆಂದು ಅದು ತಿಳಿದಿರುತ್ತದೆ. ಐದು ತುದಿಗಳ ಆ ಕೊಂಡಿಗೆ ರೆಸಿಸ್ಟರ್ ಬೆಸೆಯಲು ನಿರ್ಮಾತೃ ಮಗಳ ಭೂತಗನ್ನಡಿ, ಮಡದಿಯ ಹುಬ್ಬು ಕೀಳುವ ಚಿಮುಟ, ತನ್ನ ಎರಡು ರಾತ್ರಿ ಇಷ್ಟನ್ನು ಬಳಸಿದ. ಆ ಬೆಸುಗೆ ಇಡೀ ಕೆಲಸದಲ್ಲಿ ನಿಜಕ್ಕೂ ಚೆನ್ನಾಗಿತ್ತು. ತವರ ಸೀಸಗಳ ಆ ಹನಿ ಸಾಸಿವೆಯಷ್ಟೇ ಗುಂಡಗೆ ಹೊಳೆಯುತ್ತಿತ್ತು. ಅದನ್ನು ನೋಡಿದವರು ಯಾರೂ ಇಲ್ಲ, ಏಕೆಂದರೆ ಮೇಲೆ ಇನ್ಸುಲೇಷನ್ ಟೇಪು ಸುತ್ತಬೇಕಾಯಿತು.

ಕೀ ತೆಗೆದ ಮೇಲೂ ಜೀವಂತವಾಗಿರುವ ತಂತಿಗೆ ಸಂಪರ್ಕ ಕೊಟ್ಟದ್ದು ಮುಂದಿನ ತಪ್ಪು. ಅರ್ಧ ಆಂಪಿಯರ್ ಎಳೆಯುವ ಸಾಧನವು 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಎಂಬತ್ತು ಗಂಟೆಯಲ್ಲಿ ಬರಿದು ಮಾಡುತ್ತದೆ, ಮದುವೆಗೆಂದು ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಬರಲು ನಾಲ್ಕು ದಿನ ಬೇಕು. ಐದನೆಯ ದಿನ ಬೆಳಿಗ್ಗೆ ನೆರೆಮನೆಯವರು, ಹಾಲಿನ ಹುಡುಗ, ವಾಯುವಿಹಾರಕ್ಕೆ ಹೊರಟಿದ್ದ ಇಬ್ಬರು ನಿವೃತ್ತರು ಸೇರಿ ಎರಡನೆಯ ಗೇರಿನಲ್ಲಿ ಕಾರು ತಳ್ಳುವಾಗ ಯಂತ್ರ ಮಾತ್ರ ಎದೆಯೊಳಗಿನ ಸ್ವಂತ ಬ್ಯಾಟರಿಯ ಬಲದಿಂದ ಬೆಳಗುತ್ತ, ಎಡಕ್ಕೆ ತಿರುಗಿ ಎಂದು ಅಮೆರಿಕದ ಇಂಗ್ಲಿಷಿನಲ್ಲಿ ಹೇಳುತ್ತಿತ್ತು.

ಎಲ್ಲ ತಿದ್ದುಪಡಿಗಳ ನಂತರ ಪರೀಕ್ಷೆಗೆಂದು ಆರಿಸಿದ್ದು ಹಾಸನದ ದಾರಿ. ಇಸ್ರೊ ಸಂಸ್ಥೆ ತನ್ನ ಎತ್ತರದ ಉಪಗ್ರಹಗಳ ಓಡಾಟವನ್ನು ನಿಯಂತ್ರಿಸುವ ಕೇಂದ್ರ ಹಾಸನದಲ್ಲಿದೆಯೆಂಬುದು ನಿರ್ಮಾತೃ ಕೊಟ್ಟ ಕಾರಣ. ಅದು ಅವನ ಅತ್ತೆಮನೆಯ ಊರು, ಆ ದಾರಿಯಲ್ಲಿ ಅವನು ಇಪ್ಪತ್ತು ವರ್ಷಗಳಿಂದ ಕಣ್ಣು ಮುಚ್ಚಿ ಓಡಾಡುತ್ತಿದ್ದಾನೆ ಎಂಬುದು ಮಡದಿ ನೆನಪಿಸಿದ ಸಂಗತಿ. ಗೊತ್ತಿಲ್ಲದ ಊರಿಗೆ ಪರೀಕ್ಷೆಯಾಗದ ಸ್ಟ್ಯಾಂಡನ್ನು ನಂಬಿ ಹೋಗುವುದು ಅಪಾಯವಾದ್ದರಿಂದ, ಗೊತ್ತಿರುವ ಊರಿನ ದಾರಿಯನ್ನೇ ಯಂತ್ರದಿಂದ ಕೇಳಿ ತಿಳಿಯುವುದು ವಿವೇಕವೆನಿಸಿತು. ಕುಣಿಗಲ್ ದಾಟುವವರೆಗೂ ನಿರ್ಮಾತೃ ರಸ್ತೆಗಿಂತ ಹೆಚ್ಚಾಗಿ ಸ್ಟ್ಯಾಂಡನ್ನೇ ನೋಡುತ್ತಿದ್ದ. ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದಾಗ, ಒಂದು ತಿರುಪೂ ಸಡಿಲಾಗಿಲ್ಲವೆಂದು ಬೆರಳಿನಿಂದ ತಟ್ಟಿ ನೋಡಿ ಒಬ್ಬನೇ ಇನ್ನೊಂದು ಇಡ್ಲಿ ತರಿಸಿಕೊಂಡ.

ಆ ಸ್ಟ್ಯಾಂಡು ಎರಡು ವರ್ಷ ಬಾಳಿತು. ಅಷ್ಟರಲ್ಲಿ ನಕ್ಷೆಗಳು ಮೊಬೈಲಿಗೆ ಬಂದವು, ಜಿಪಿಎಸ್ ಯಂತ್ರ ಅಟ್ಟದ ರಟ್ಟಿನ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರಿನ ಮೋಟಾರಿನ ಪಕ್ಕ ಸೇರಿತು, ಚಾಲಕ ದಾರಿ ನೋಡಲಷ್ಟೇ, ಅದೂ ಗಮನ ಕೆಡದಂತೆ, ಕೈಲಿ ಹಿಡಿಯುವ ಸಾಧನ ಬಳಸಬಹುದೆಂಬ ಕೇಂದ್ರದ ನಿಯಮವೂ 2020ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಸ್ಟ್ಯಾಂಡು ಬಿಚ್ಚಿದ ಜಾಗದಲ್ಲಿ ಉಳಿದದ್ದು ಗಣಪತಿಯ ಬಲಕ್ಕೆ ಎರಡು ಬೆರಳು ದೂರದ ಆ ಎರಡು ತೂತುಗಳು. ಪ್ರತಿ ವರ್ಷ ಆಯುಧಪೂಜೆಯ ದಿನ ಮಡದಿ ಕಾರಿಗೆ ಬೂದುಗುಂಬಳಕಾಯಿ ಒಡೆಸಿದ ಮೇಲೆ ಒಂದೊಂದು ತೂತಿಗೆ ಎರಡೆರಡು ಊದುಬತ್ತಿ ಸಿಕ್ಕಿಸುತ್ತಾಳೆ. ಮೂರು ಮಿಲಿಮೀಟರಿನ ತೂತಿಗೆ ಜೋಡಿ ಕಡ್ಡಿ ಬಿಗಿಯಾಗಿ ಕೂರುತ್ತದೆ. ಬಡಾವಣೆಯ ಸುತ್ತ ಒಂದು ಸುತ್ತು ಹಾಕಿ, ಮೂರು ಹಂಪು ಹತ್ತಿ ಇಳಿದು ಬಂದರೂ ಬೂದಿಯಷ್ಟೇ ಉದುರಿರುತ್ತದೆ.