ತಂಗಳುಪೆಟ್ಟಿಗೆಗೆ ಜ್ವರ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ತಾವೀಗ ಒಂದು ಡೀಪ್ ಫ್ರೀಜರಿನ ಒಡೆಯರು. ಪ್ಲಗ್ ಹಾಕಿ ಗಂಟೆ ಕಳೆಯುವಷ್ಟರಲ್ಲಿ ಮನೆಯ ಹಿರಿಯರೊಬ್ಬರು ಅದರ ಪಕ್ಕೆಗೆ ಅಂಗೈ ತಾಗಿಸಿ, "ಮೈ ಸುಡ್ತಿದೆ, ವಾಪಸ್ ಕಳಿಸಿ" ಎನ್ನುತ್ತಾರೆ. ಕಳಿಸಬೇಡಿ. ಮೊದಲು ಇದನ್ನು ಓದಿ.

1. ಯಂತ್ರದ ಪರಿಚಯ
ಫ್ರೀಜರ್ ತಂಪನ್ನು ತಯಾರಿಸುವುದಿಲ್ಲ, ಬಿಸಿಯನ್ನು ಹೊರುತ್ತದೆ. ಅಪ್ಪಟ ಹಮಾಲಿ ಕೆಲಸ. ಒಳಗೋಡೆಯ ಕೊಳವೆಯಲ್ಲಿ ಐಸೊಬ್ಯೂಟೇನಿನಂಥ ದ್ರವ ಆವಿಯಾಗುತ್ತ ಬಂಗುಡೆ, ಬಟಾಣಿ, ಐಸ್‌ಕ್ರೀಮುಗಳ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಇನ್ನಷ್ಟು ಬಿಸಿ ಮಾಡಿ, ಹೊರಗಿನ ಕೊಳವೆಗೆ ದೂಡುತ್ತದೆ. ಅಲ್ಲಿ ಹೊರೆ ಇಳಿಸಿ ಅದು ಮತ್ತೆ ದ್ರವ. ಹಳೆಯ ಫ್ರಿಜ್ಜುಗಳಲ್ಲಿ ಈ ಕೊಳವೆ ಬೆನ್ನ ಮೇಲೆ ಕಪ್ಪು ಜಾಲರಿಯಾಗಿ, ಜೇಡರ ಬಲೆ ಸಮೇತ ಕಾಣುತ್ತಿತ್ತು. ಈಗಿನ ಹಲವು ಮಾದರಿಗಳಲ್ಲಿ ಅದು ಪಕ್ಕದ ತಗಡಿನ ಹಿಂದೆಯೇ ಅಡಗಿದೆ. ಹಿರಿಯರ ಅಂಗೈಗೆ ತಾಗಿದ್ದು ಬಂಗುಡೆ ಬಿಟ್ಟ ಬಿಸಿ.

2. ಲೆಕ್ಕ
30 ಡಿಗ್ರಿಯ 1 ಲೀಟರ್ ನೀರು ಮೈನಸ್ 18 ಡಿಗ್ರಿಯ ಮಂಜುಗಡ್ಡೆಯಾಗಬೇಕಾದರೆ ಸುಮಾರು 500 ಕಿಲೋಜೂಲ್ ಶಾಖ ಹೊರಬೀಳಬೇಕು. ಅಷ್ಟು ಶಾಖದಲ್ಲಿ ಒಲೆಯ ಮೇಲಿನ ಒಂದೂವರೆ ಲೀಟರ್ ನೀರು ಕುದಿ ಬರುತ್ತದೆ. ಕಂಪ್ರೆಸರ್ ತಿಂದ ಕರೆಂಟೂ ಕೊನೆಗೆ ಬಿಸಿಯಾಗಿ ಇದೇ ಲೆಕ್ಕಕ್ಕೆ ಜಮಾ. ಹಾಗಾಗಿ ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟು ಕೋಣೆ ತಂಪು ಮಾಡಹೊರಟವರ ಕೋಣೆ ಇನ್ನಷ್ಟು ಕಾಯುತ್ತದೆ.

3. ಬಾಗಿಲ ಚೌಕಟ್ಟು
ಇದೂ ಬೆಚ್ಚಗಿದೆಯೇ? ಬೇಕೆಂದೇ ಹಾಗೆ ಮಾಡಿರುವುದು. ಮಳೆಗಾಲದ ಮಂಗಳೂರಿನ ಗಾಳಿಯನ್ನು ನೆನೆಸಿಕೊಳ್ಳಿ. ತಣ್ಣನೆಯ ಚೌಕಟ್ಟು ಸಿಕ್ಕರೆ ಅದರ ಮೇಲೆಲ್ಲ ಹನಿಗಟ್ಟಿ ನೆಲಕ್ಕೆ ಇಳಿಯುತ್ತದೆ. ಅದಕ್ಕೇ ಚೌಕಟ್ಟಿನ ಸುತ್ತ ಬಿಸಿ ಕೊಳವೆಯನ್ನೋ ಪುಟ್ಟ ಹೀಟರನ್ನೋ ಓಡಿಸಿರುತ್ತಾರೆ.

4. ಮಾಡಬಾರದ್ದು
ಗೋಡೆಗೆ ಒತ್ತಿ ನಿಲ್ಲಿಸಬೇಡಿ. ಹಮಾಲಿಗೂ ಹೊರೆ ಇಳಿಸಲು ಜಾಗ ಬೇಕು. ಅತ್ತೆಯವರು ಕಸೂತಿ ಹಾಕಿದ ಹೊದಿಕೆಯನ್ನು ನಾಲ್ಕೂ ಕಡೆ ಇಳಿಬಿಡಬೇಡಿ. ಕ್ಯಾಲೆಂಡರ್ ತೂಗುಹಾಕಲು ಪಕ್ಕೆಗೆ ಮೊಳೆ ಹೊಡೆಯಲೇಬೇಡಿ: ಕೊಳವೆ ತೂತಾದರೆ ಗ್ಯಾಸೂ ಹೋಯಿತು, ಫ್ರೀಜರೂ ಹೋಯಿತು. ಐಸೊಬ್ಯೂಟೇನ್ ಹೊತ್ತಿಕೊಳ್ಳುವ ಅನಿಲವೆಂಬುದೂ ನೆನಪಿರಲಿ. ಕುದಿಯುವ ಸಾರನ್ನು ಆರಿಸದೆ ಒಳಗಿಟ್ಟು, ಪಕ್ಕೆ ಯಾಕೆ ಕಾದಿದೆ ಎಂದು ಕೇಳಬೇಡಿ.

5. ದೋಷ ಪತ್ತೆ
ಪಕ್ಕೆ ಬೆಚ್ಚಗೆ, ಒಳಗೆ ಐಸ್ ಕಲ್ಲಿನಂತೆ: ಆರೋಗ್ಯವಾಗಿದೆ.
ಪಕ್ಕೆ ವಿಪರೀತ ಬಿಸಿ, ಕಂಪ್ರೆಸರಿಗೆ ಪುರುಸೊತ್ತೇ ಇಲ್ಲ: ಸುತ್ತ ಗಾಳಿಯಾಡುತ್ತಿಲ್ಲ, ಇಲ್ಲವೇ ಬಾಗಿಲ ರಬ್ಬರ್ ಸಡಿಲ. ಬಾಗಿಲ ಸಂದಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ತಂಪೂ ಅದೇ ದಾರಿಯಲ್ಲಿ ಹೋಗುತ್ತಿದೆ.
ಪಕ್ಕೆಗೆ ಒರಗಿ ಬೆಕ್ಕು ಮಲಗಿದೆ: ದೋಷವಲ್ಲ. ಅದು ಈ ಕೈಪಿಡಿ ಓದದೆಯೇ ವಿಷಯ ತಿಳಿದುಕೊಂಡಿದೆ.
ಕಂಪ್ರೆಸರ್ ಗುಂಯ್ಗುಡುತ್ತಿದೆ, ಪಕ್ಕೆ ತಣ್ಣಗೆ, ಐಸ್‌ಕ್ರೀಮ್ ಪಾಯಸ: ಗ್ಯಾಸ್ ಸೋರಿರಬಹುದು.

ಮನುಷ್ಯರಿಗೆ ಜ್ವರ ಬಂದಾಗ ಡಾಕ್ಟರನ್ನು ಕರೆಯಿರಿ. ಫ್ರೀಜರಿಗೆ ಜ್ವರ ಬಿಟ್ಟಾಗ ಮೆಕ್ಯಾನಿಕ್‌ಗೆ ಫೋನ್ ಮಾಡಿ.