ಬ್ರೇಕಿನ ನಂತರ

ಧಾರಾವಾಹಿಯ ಅತ್ತೆ ಸೊಸೆಯ ಕೆನ್ನೆಗೆ ಬಿಗಿಯಲೆಂದು ಕೈ ಎತ್ತಿದಳು. ಗುಡುಗು. ಸೊಸೆಯ ಮುಖ, ಮಾವನ ಮುಖ, ಕಾಫಿ ತಂದು ನಿಂತ ಕೆಲಸದವಳ ಮುಖ, ಎಲ್ಲ ಮೂರು ಮೂರು ಸಲ. ಆಮೇಲೆ ಸೋಪು, ಟೂತ್‌ಪೇಸ್ಟು, ಮಂಡಿನೋವಿನ ಎಣ್ಣೆ. ನಮ್ಮ ಚಿಕ್ಕಮ್ಮ ಎದ್ದುಹೋಗಿ ಸಾರಿಗೆ ಒಗ್ಗರಣೆ ಹಾಕಿ, ಹಾಲಿನ ಪಾತ್ರೆ ಇಳಿಸಿ, ಗೇಟಿಗೆ ಬೀಗ ಹಾಕಿ ಬಂದು ಕೂತರೂ ಕೈ ಇನ್ನೂ ಮೇಲೆಯೇ ಇತ್ತು. ಬ್ರೇಕ್ ಇರುವುದರಿಂದಲೇ ಮನೆಗೆಲಸ ಸಾಗುತ್ತಿದೆ ಎನ್ನುವುದು ಅವರ ವಾದ. ಅವರು ಬಡಿಸಿದ್ದನ್ನು ಉಣ್ಣುವ ನಾನು ಅಲ್ಲಗಳೆಯುವ ಹಾಗಿಲ್ಲ.

ಜಾಹೀರಾತಿನ ಮೇಲೆ ನನಗೆ ಮುನಿಸಿಲ್ಲ. ಅರ್ಧ ನಿಮಿಷದಲ್ಲಿ ಅಲ್ಲೊಂದು ಸಂಸಾರ ಕೂಡಿ, ಮುನಿದು, ಅಂಗಿಯ ಕಲೆ ಹೋದೊಡನೆ ರಾಜಿಯಾಗುತ್ತದೆ. ಧಾರಾವಾಹಿಗೆ ಅಷ್ಟಕ್ಕೇ ಸಾವಿರ ಕಂತು ಬೇಕು. ಗಂಟೆಗೆ 12 ನಿಮಿಷ ಮೀರಬಾರದೆಂದು ಕೇಬಲ್ ಟಿವಿ ನಿಯಮವೂ ಇದೆ: 10 ನಿಮಿಷ ಜಾಹೀರಾತಿಗೆ, 2 ನಿಮಿಷ ವಾಹಿನಿಯ ಸ್ವಂತ ತುತ್ತೂರಿಗೆ. ಆ ನಿಮಿಷಗಳನ್ನು ಹೇಗೋ ಸಹಿಸಬಹುದು. ಅವುಗಳಿಗಾಗಿ ಉಳಿದ 48 ನಿಮಿಷ ಪಡುವ ಪಾಡನ್ನು ಸಹಿಸುವುದೇ ಕಷ್ಟ. ಪಾತ್ರಗಳಿಗೆ ಸಿಟ್ಟು ಬರುವುದು, ಬಾಗಿಲು ತಟ್ಟುವುದು, ಸತ್ತವರು ಎದ್ದು ಬರುವುದು, ಎಲ್ಲವೂ ಬ್ರೇಕಿನ ಹೊತ್ತಿಗೇ. ನಂಬಿಕೆಯಿಲ್ಲದಿದ್ದರೆ ದುಡ್ಡು ಕಟ್ಟಿ ಮೊಬೈಲಿನಲ್ಲಿ ಜಾಹೀರಾತಿಲ್ಲದೆ ನೋಡಿ. ಸೋಪು ಬರುವುದಿಲ್ಲ, ಗುಡುಗು ಬರುತ್ತದೆ.

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಬಂದ ಎಂಬತ್ತರ ದಶಕದಲ್ಲೂ ದೂರದರ್ಶನಕ್ಕೆ ಜಾಹೀರಾತು ಹೊಸದಾಗಿರಲಿಲ್ಲ, 1976ರಿಂದಲೇ ಇತ್ತು. ಆದರೆ ಪ್ರಾಯೋಜಕರು ಹೆಚ್ಚಾಗಿ ಕಥೆಗೆ ಮುಂಚೆ ಬಂದು ನಮಸ್ಕಾರ ಹಾಕಿ, ಮುಗಿದ ಮೇಲೆ ಇನ್ನೊಮ್ಮೆ ಮುಖ ತೋರಿಸುತ್ತಿದ್ದರು. ಸ್ವಾಮಿ ಶಾಲೆಯಿಂದ ಮನೆಗೆ ತನ್ನ ನಡಿಗೆಯಲ್ಲೇ ಬರಬಹುದಿತ್ತು. ನಡುದಾರಿಯಲ್ಲಿ ಅವನನ್ನು ಬೆಚ್ಚಿಬೀಳಿಸುವ ಜರೂರು ಯಾರಿಗೂ ಇರಲಿಲ್ಲ.

ಕ್ರಿಕೆಟ್ಟೂ ಮಾರುಕಟ್ಟೆಗೆ ಬಗ್ಗಿದೆ, ಸುಳ್ಳಲ್ಲ. ಆಸ್ಟ್ರೇಲಿಯಾ ಎಂಟು ಎಸೆತದ ಓವರನ್ನು ಬಿಟ್ಟು ಆರಕ್ಕೆ ಇಳಿದದ್ದೂ ಕೆರಿ ಪ್ಯಾಕರನ ವಾಹಿನಿಗೆ ಪ್ರಸಾರದ ಹಕ್ಕು ಸಿಕ್ಕಿದ್ದೂ 1979ರಲ್ಲೇ. ಓವರುಗಳು ಹೆಚ್ಚಿದರೆ ನಡುವಿನ ಬಿಡುವುಗಳೂ ಹೆಚ್ಚು ತಾನೆ? ಐಪಿಎಲ್‌ನಲ್ಲಂತೂ ಇನಿಂಗ್ಸಿಗೆ ಎರಡು ಸಲ, ಎರಡೂವರೆ ನಿಮಿಷದ ‘ಸ್ಟ್ರಾಟೆಜಿಕ್ ಟೈಮ್‌ಔಟ್’. ತಂತ್ರ ಯಾರದೆಂದು ಕೇಳಬೇಡಿ. ಅಷ್ಟಾದರೂ ವಿಕೆಟ್ ಮಾತ್ರ ಬ್ರೇಕ್ ನೋಡಿಕೊಂಡು ಬೀಳುವುದಿಲ್ಲ. ಹಾಗಾಗಿ ಮನೆಯಲ್ಲಿ ರಿಮೋಟಿಗೆ ಜಗಳವಾದಾಗ ನನ್ನ ಓಟು ಕ್ರಿಕೆಟ್ಟಿಗೆ. ಗೆಲ್ಲುವುದು ಚಿಕ್ಕಮ್ಮನೇ.